ಕ್ಯಾಲಿಫೋರ್ನಿಯಾದಲ್ಲಿ ಸ್ಪ್ಯಾನಿಷ್ ಸರ್ಟಿಫಿಕೇಟ್: ಮೊದಲು ಬಾಡಿಗೆ ಪತ್ರದಲ್ಲಿ ಹೆಸರು ಹಾಕಿಸಿ

ರಜೆಗೆ ಮಂಗಳೂರಿನ ಬಿಜೈಯ ಮನೆಗೆ ಬಂದಾಗಲೆಲ್ಲ ಒಬ್ಬಳಾದರೂ ಹುಡುಗಿ ಸಿಕ್ಕೇ ಸಿಗುತ್ತಾಳೆ. ಮದುವೆಯಾಗಿದೆ, ಅಮೆರಿಕದಲ್ಲಿ ಕೆಲಸದಲ್ಲಿರುವ ಗಂಡನ ಜೊತೆ ಇರಲು ಎಚ್-4 ವೀಸಾ ಬಂದಿದೆ, ಮುಂದಿನ ತಿಂಗಳು ಕ್ಯಾಲಿಫೋರ್ನಿಯಾ. "ಅಕ್ಕಾ, ಸುಮ್ನೆ ಕೂರುವ ಬದಲು ಕಮ್ಯುನಿಟಿ ಕಾಲೇಜಿನಲ್ಲಿ ಸ್ಪ್ಯಾನಿಷ್ ಕಲಿಯಲಾ?"

ಕಲಿ ಮಾರಾಯ್ತಿ. ಎಚ್-4ರಲ್ಲಿ ಓದಲು ಬೇರೆ ವೀಸಾ ಬೇಡ. ಆದರೆ ಫೀಸಿನ ವಿಷಯದಲ್ಲಿ ನನ್ನ ಹಾಗೆ ಬೇಸ್ತು ಬೀಳಬೇಡ.

ಕಮ್ಯುನಿಟಿ ಕಾಲೇಜು ಎಂಬ ಈ ಸರ್ಕಾರಿ ಕಾಲೇಜುಗಳಲ್ಲಿ ಫೀಸು ಯೂನಿಟ್ ಲೆಕ್ಕದಲ್ಲಿ, ಕೋರ್ಸು ದೊಡ್ಡದಾದಷ್ಟೂ ಯೂನಿಟ್ ಜಾಸ್ತಿ. ರಾಜ್ಯದ ನಿವಾಸಿಗೆ ಯೂನಿಟಿಗೆ 46 ಡಾಲರ್. ಐದು ಯೂನಿಟಿನ ಸ್ಪ್ಯಾನಿಷ್ ಕೋರ್ಸಿಗೆ 230. ಹೊರಗಿನವರಿಗೆ ಇದರ ಹಲವು ಪಟ್ಟು. ನಾನು ಒಂದು ಕೋರ್ಸಿಗೆ 1700 ಡಾಲರ್‌ಗಿಂತ ಜಾಸ್ತಿ ಕಟ್ಟಿದೆ. ಒಂದಲ್ಲ, ಎರಡು ಟರ್ಮ್. ಪಕ್ಕದ ಸೀಟಿನ ವಿಯೆಟ್ನಾಂ ಅಜ್ಜಿ ತಾನು ಕಟ್ಟಿದ್ದೆಷ್ಟು ಎಂದು ಹೇಳಿದಾಗಲೇ ನನಗೆ ತಲೆ ತಿರುಗಿದ್ದು.

ನಾನು ಅಲ್ಲಿಗೆ ಹೋಗಿ ಆಗಲೇ ಎರಡು ವರ್ಷ ದಾಟಿತ್ತು. ಆದರೆ ಬಾಡಿಗೆ ಪತ್ರ, ಕರೆಂಟ್ ಬಿಲ್ಲು, ಬ್ಯಾಂಕ್ ಖಾತೆ ಎಲ್ಲವೂ ಗಂಡನ ಹೆಸರಿನಲ್ಲಿ. ಕಾರು ಓಡಿಸಲು ಹೆದರಿಕೆ ಅಂತ ಲೈಸೆನ್ಸೂ ಮಾಡಿಸಿರಲಿಲ್ಲ. ಕಾಗದದ ಮೇಲೆ ನಾನು ಆ ರಾಜ್ಯದಲ್ಲಿ ಇರಲೇ ಇಲ್ಲ!

ನಿಯಮ ಹೀಗಿದೆ. ಟರ್ಮ್ ಶುರುವಾಗುವ ಹಿಂದಿನ ದಿನಕ್ಕೆ ನೀವು ಅಲ್ಲಿ ಒಂದು ವರ್ಷ ಒಂದು ದಿನ ಇದ್ದಿರಬೇಕು. ಅಲ್ಲೇ ನೆಲೆಸುವ ಇರಾದೆಗೂ ದಾಖಲೆ ತೋರಿಸಬೇಕು. ಸೆಪ್ಟೆಂಬರಿನಲ್ಲಿ ಇಳಿದವರಿಗೆ ಮರುವರ್ಷದ ಆಗಸ್ಟ್ ಟರ್ಮ್ ಕೆಲವೇ ವಾರಗಳಲ್ಲಿ ತಪ್ಪುತ್ತದೆ. ಅವಸರ ಬೇಡ, ಜನವರಿಯವರೆಗೆ ಕಾಯಿರಿ. ಅಷ್ಟರಲ್ಲಿ ಬಾಡಿಗೆ ಪತ್ರದಲ್ಲಿ ಹೆಸರು ಸೇರಿಸಿ, ಜಂಟಿ ಖಾತೆ ತೆರೆಯಿರಿ, ಲೈಸೆನ್ಸ್ ಮಾಡಿಸಿ, ರಾಜ್ಯದ ಟ್ಯಾಕ್ಸನ್ನು ಗಂಡನ ಜೊತೆ ಜಂಟಿಯಾಗಿ ಫೈಲ್ ಮಾಡಿ. ಓದಲೆಂದೇ ಬರುವ ಎಫ್-1 ವೀಸಾದವರಿಗೆ ಈ ದಾರಿ ಇಲ್ಲ, ಎಚ್-4ನವರಿಗೆ ಇದೆ. ಇನ್ನೊಂದು ಮಾತು: ಒಮ್ಮೆ ಹೊರಗಿನವರು ಎಂದು ದಾಖಲಾದರೆ ವರ್ಷ ತುಂಬಿತೆಂದು ಕಂಪ್ಯೂಟರ್ ತಾನಾಗಿ ಬದಲಿಸುವುದಿಲ್ಲ. ನೀವೇ ಅರ್ಜಿ ಹಾಕಬೇಕು. ನನಗೆ ಹಳೆಯ ಹಣ ವಾಪಸ್ ಬರಲಿಲ್ಲ.

ನಮ್ಮೂರ ಕಾಲೇಜಿನ ಗುಮಾಸ್ತರು ಗದರುತ್ತಾರೆ ನಿಜ. ಆದರೆ "ಆ ಕಾಗದ ಎಲ್ಲಿ?" ಅಂತ ಕೇಳಿಯಾದರೂ ಕೇಳುತ್ತಾರೆ. ಅಲ್ಲಿ ಎಲ್ಲರೂ ನಗುನಗುತ್ತಾ ದುಡ್ಡು ತಗೊಂಡರು. ಓದಿನ ವಿಷಯಕ್ಕೆ ಬಂದರೆ ಮಾತ್ರ ಅವರದ್ದೇ ಮೇಲು. ಬೇಕಾದ ಒಂದೇ ವಿಷಯ ತೆಗೆದುಕೊಂಡು ಹದಿನೆಂಟರ ಹುಡುಗರ ಪಕ್ಕ ಅರವತ್ತರ ಅಜ್ಜಿ ಕೂರಬಹುದು. ನಮ್ಮಲ್ಲಿ ಹೀಗೆ ಸಿಗುತ್ತದಾ?

ಪಾಠಕ್ಕೆ ಹೆದರಬೇಡಿ. ಮನೆಯಲ್ಲಿ ತುಳು, ಅಂಗಡಿಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಅಂತ ಬೆಳೆದವರು ನಾವು. ಸ್ಪ್ಯಾನಿಷಿನ 'ಮೇಸಾ' ಅಂದರೆ ನಮ್ಮ ಮೇಜೇ. ಇಂಟರ್‌ಮೀಡಿಯೆಟ್ ಹಂತದಲ್ಲಿ ಕ್ರಿಯಾಪದಗಳು ಸ್ವಲ್ಪ ಸತಾಯಿಸುತ್ತವೆ, ಅಷ್ಟೆ. (ಈ ಹೆಸರು ಕೇಳಿ ಅಪ್ಪ, "ಪುನಃ ಪಿಯುಸಿಯಾ?" ಎಂದಿದ್ದರು.) ಕಮ್ಯುನಿಟಿ ಎಜುಕೇಶನ್ ಎಂಬ ಹೆಸರಿನ ಹವ್ಯಾಸದ ತರಗತಿಗೆ ಮಾತ್ರ ಸೇರಬೇಡಿ, ಅದು ಸರ್ಟಿಫಿಕೇಟಿನ ಲೆಕ್ಕಕ್ಕೆ ಬರುವುದಿಲ್ಲ.

ಕೊನೆಯ ಕೋರ್ಸ್ ಪಾಸಾದ ಮೇಲೆ ಸರ್ಟಿಫಿಕೇಟ್ ಅಂಚೆಯಲ್ಲಿ ಬರುತ್ತದೆ ಅಂತ ನಾನು ಎಂಟು ತಿಂಗಳು ಕಾದೆ. ಬಹಳ ಕಡೆ ಅದಕ್ಕೂ ಅರ್ಜಿ ಹಾಕಬೇಕು. ಕೊನೆಯ ಟರ್ಮ್ ಶುರುವಾದ ವಾರವೇ ಕೌನ್ಸೆಲರ್ ಹತ್ತಿರ ಹೋಗಿ ಕೊನೆಯ ದಿನಾಂಕ ಕೇಳಿಕೊಳ್ಳಿ.