ಮೂರು ಇಂಚು ಎತ್ತರಕ್ಕೆ ನಾನು ತೆತ್ತದ್ದು

ಪಿಕಪ್ ಟ್ರಕ್ಕಿನ ಸಸ್ಪೆನ್ಷನ್ ಎತ್ತರಿಸಬೇಕೆಂದು ಹೊರಟಾಗ ನನ್ನ ಲೆಕ್ಕ ಸರಳವಾಗಿತ್ತು: ಅದಕ್ಕೆ ಬೇಕಾದ ಬಿಡಿಭಾಗಗಳ ಕಿಟ್‌ನ ಬೆಲೆ, ಜೊತೆಗೆ ಒಂದು ದಿನದ ಕೂಲಿ. ಕಲ್ಲುದಾರಿಯಲ್ಲಿ ಎರಡು ಬಾರಿ ಗಾಡಿಯ ತಳ ತಾಗಿದ್ದು ನಾನು ಮನೆಯಲ್ಲಿ ಹೇಳಿದ ಕಾರಣ. ಎತ್ತರದ ಗಾಡಿ ನೋಡಲು ಚೆನ್ನಾಗಿರುತ್ತದೆ ಎಂಬುದು ಹೇಳದೆ ಉಳಿಸಿಕೊಂಡದ್ದು.

ದರಗಳು ಊರಿಂದೂರಿಗೆ ಬೇರೆಯಾದ್ದರಿಂದ ಹಣದ ಮೊತ್ತ ಬರೆದು ಪ್ರಯೋಜನವಿಲ್ಲ. ಕಿಟ್‌ಗೆ ಕೊಟ್ಟದ್ದನ್ನು 100 ಎಂದಿಟ್ಟುಕೊಂಡು ಉಳಿದದ್ದನ್ನು ಹೇಳುತ್ತೇನೆ.

ಎಲ್ಲಕ್ಕಿಂತ ಅಗ್ಗದ ದಾರಿಯೊಂದಿತ್ತು. ಮುಂದಿನ ಸ್ಟ್ರಟ್‌ನ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಕಂಬ) ತಲೆಯ ಮೇಲೆ ಸ್ಪೇಸರ್ ಎಂಬ ದಪ್ಪ ಬಿಲ್ಲೆ ಕೂರಿಸಿದರೆ ಎರಡು ಮೂರು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಸ್ಟ್ರಟ್ ಚಕ್ರಕ್ಕಿಂತ ಒಳಗೆ, ಚಕ್ರವನ್ನು ಗಾಡಿಯ ಚೌಕಟ್ಟಿಗೆ (ಚಾಸಿಸ್) ಜೋಡಿಸುವ ಕೆಳಗಿನ ಆರ್ಮ್‌ನ ನಡುವೆ ಕೂರುವುದರಿಂದ ಅರ್ಧ ಇಂಚಿನ ಸ್ಪೇಸರ್ ಹಲವು ಗಾಡಿಗಳಲ್ಲಿ ಸುಮಾರು ಒಂದು ಇಂಚು ಎತ್ತರ ಕೊಡುತ್ತದೆ. ಮೂತಿ ತಗ್ಗಿದ ಗಾಡಿಯನ್ನು ಸಮ ಮಾಡಲು ಅಷ್ಟು ಸಾಕು. ಆದರೆ ಮೂರು ಇಂಚಿಗೆ ಅದನ್ನೇ ನಂಬಿದರೆ, ಚಕ್ರ ಪೂರ್ತಿ ಜೋತಾಗ ಆರ್ಮ್‌ನ ತುದಿಯ ಗುಂಡುಕೀಲು, ಅಂದರೆ ಬಾಲ್ ಜಾಯಿಂಟ್, ತನ್ನ ಮಿತಿ ಮೀರಿ ವಾಲುತ್ತದೆ. ಕೆಲವು ಗಾಡಿಗಳಲ್ಲಿ ಮೇಲಿನ ಆರ್ಮ್ ಸ್ಪ್ರಿಂಗ್‌ಗೇ ಬಡಿಯುತ್ತದೆ. ಹಾಗಾಗಿ ನಾನು ಉದ್ದದ ಸ್ಟ್ರಟ್‌ಗಳನ್ನು ಆರಿಸಿಕೊಂಡೆ, ಅದೂ ಸ್ಪ್ರಿಂಗ್ ಸಮೇತ ಜೋಡಿಸಿಟ್ಟದ್ದನ್ನು. ಬಿಗಿಯಾದ ಸ್ಪ್ರಿಂಗನ್ನು ಅದುಮಿ ಜೋಡಿಸುವ ಕೆಲಸ ಅಪಾಯದ್ದು, ಕೂಲಿಯೂ ಹೆಚ್ಚು. ಉಕ್ಕಿನ ಪಟ್ಟಿಗಳನ್ನು ಪೇರಿಸಿ ಮಾಡಿದ ಹಿಂದಿನ ಲೀಫ್ ಸ್ಪ್ರಿಂಗ್‌ಗಳಿಗೆ ಒಂದೊಂದು ಹೆಚ್ಚುವರಿ ಪಟ್ಟಿ ಕಿಟ್‌ನಲ್ಲೇ ಇತ್ತು.

ಇಲ್ಲಿಂದಲೇ ಲೆಕ್ಕ ಜಾರತೊಡಗಿತು. ಮೂರು ಇಂಚು ಎತ್ತಿದ ಮೇಲೆ ಗಾಡಿಯ ಜೊತೆ ಬಂದ ಮೇಲಿನ ಆರ್ಮ್‌ಗಳನ್ನೇ ಇಟ್ಟುಕೊಂಡರೆ ಕ್ಯಾಸ್ಟರ್ ಕೋನ (ಸ್ಟಿಯರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಅಕ್ಷ ಹಿಂದಕ್ಕೆ ವಾಲಿರುವ ಪ್ರಮಾಣ) ಸರಿ ಮಾಡಲು ನನ್ನ ಗಾಡಿಯಲ್ಲಿ ಜಾಗವೇ ಉಳಿಯುವುದಿಲ್ಲ ಎಂದು ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್‌ನವರು ಮೊದಲೇ ಹೇಳಿದರು. ಕ್ಯಾಸ್ಟರ್ ಕಡಿಮೆಯಾದರೆ ವೇಗದಲ್ಲಿ ಸ್ಟಿಯರಿಂಗ್ ಅಲೆದಾಡುತ್ತದೆ, ತಿರುವಿನ ನಂತರ ತಾನಾಗಿ ನೇರಕ್ಕೆ ಬರುವುದಿಲ್ಲ. ಹೊಸ ಆರ್ಮ್‌ಗಳ ಜೋಡಿಗೆ 35.

ಗ್ಯಾರೇಜಿನವರು ಎಂಟು ಗಂಟೆಯ ಕೆಲಸವೆಂದು ಅಂದಾಜು ಕೊಟ್ಟಿದ್ದರು. ಅದರ ಕೂಲಿ 50. ಮುಂಭಾಗದ ಎಡಗಡೆ ಒಂದೂವರೆ ಗಂಟೆಯಲ್ಲಿ ಮುಗಿಯಿತು. ಬಲಗಡೆಯ ಕೆಳಗಿನ ಬೋಲ್ಟ್ ಮಾತ್ರ ಬುಷ್‌ನ (ಕೀಲಿನೊಳಗಿನ ರಬ್ಬರ್ ತೋಳು) ಒಳಗಿನ ಕಬ್ಬಿಣದ ಕೊಳವೆಗೆ ತುಕ್ಕು ಹಿಡಿದು ಒಂದಾಗಿಬಿಟ್ಟಿತ್ತು. ಸುತ್ತಿಗೆಗೆ ಜಗ್ಗಲಿಲ್ಲ, ಬೆಂಕಿಗೆ ಬಗ್ಗಲಿಲ್ಲ. ಕೊನೆಗೆ ಗ್ರೈಂಡರ್‌ನಿಂದ ಕತ್ತರಿಸಿ, ಬುಷ್ ಒತ್ತಿ ತೆಗೆದು, ಹೊಸದನ್ನು ಕೂರಿಸಿದರು. ಎರಡೂವರೆ ಗಂಟೆ ಹೆಚ್ಚಾಗಿ ಕೂಲಿ 66ಕ್ಕೆ ಏರಿತು. ಅವರ ತಪ್ಪೇನೂ ಇರಲಿಲ್ಲ. ಒಂದು ವಾರ ಮುಂಚೆಯೇ ದಿನವೂ ಬೋಲ್ಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಇಡಬಹುದಿತ್ತು. ನಾನು ಆ ವಾರವನ್ನು ಟೈರ್‌ಗಳ ಚಿತ್ರ ನೋಡುತ್ತ ಕಳೆದಿದ್ದೆ.

ಹೊಸ ಬೋಲ್ಟ್, ಬುಷ್ ಮತ್ತು ಹಿಂದಿನ ಸ್ಪ್ರಿಂಗನ್ನು ಆಕ್ಸಲ್‌ಗೆ (ಚಕ್ರಗಳ ಅಚ್ಚು) ಬಿಗಿಯುವ ಯೂ-ಬೋಲ್ಟ್‌ಗಳಿಗೆ 9. ಹಳೆಯ ಯೂ-ಬೋಲ್ಟ್‌ಗಳೇ ಸಾಕಲ್ಲವೇ ಎಂದು ಕೇಳಿದೆ. ಒಮ್ಮೆ ಬಿಗಿದಾಗ ಹಿಗ್ಗಿದ ಯೂ-ಬೋಲ್ಟ್ ಮತ್ತೆ ಅದೇ ಹಿಡಿತ ಕೊಡುವುದಿಲ್ಲ, ಹಿಂದಿನ ಆಕ್ಸಲ್ ನಿಂತಿರುವುದೇ ಆ ಹಿಡಿತದ ಮೇಲೆ ಎಂದು ಮೆಕ್ಯಾನಿಕ್ ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡೆ.

ನಾಲ್ಕೇ ದಿನಕ್ಕೆ ಹಿಂದುಗಡೆ ಕಿರ್ರೆನ್ನುವ ಸದ್ದು ಶುರುವಾಯಿತು. ಗಾಡಿ ಎತ್ತಿ ಚಕ್ರಗಳು ಜೋತಾಡುತ್ತಿರುವಾಗಲೇ ಲೀಫ್ ಸ್ಪ್ರಿಂಗ್‌ನ ಕೊನೆಯ ಬೋಲ್ಟ್‌ಗಳನ್ನು ಬಿಗಿದುಬಿಟ್ಟಿದ್ದರು. ರಬ್ಬರ್ ಬುಷ್ ಬಿಗಿದ ಭಂಗಿಯಲ್ಲೇ ಹಿಡಿದು ನಿಲ್ಲುತ್ತದೆ. ಗಾಡಿ ಕೆಳಗಿಳಿದ ಕೂಡಲೇ ತಿರುಚಿಕೊಂಡು, ಪ್ರತಿ ಗುಂಡಿಗೂ ಇನ್ನಷ್ಟು ತಿರುಚಿ, ಬೇಗ ಹರಿಯುತ್ತದೆ. ಎಲ್ಲವನ್ನೂ ಸಡಿಲಿಸಿ, ಗಾಡಿಯ ಭಾರ ಚಕ್ರದ ಮೇಲೆ ಬಿದ್ದಿರುವಾಗ ಮತ್ತೆ ಬಿಗಿದರು; ಸದ್ದು ನಿಂತಿತು. ಹಣ ಕೇಳಲಿಲ್ಲ, ನನ್ನ ಅರ್ಧ ದಿನ ಹೋಯಿತು. ಗ್ಯಾರೇಜ್ ಆರಿಸುವಾಗ ಕೂಲಿ ಎಷ್ಟು ಎಂದು ಕೇಳುವ ಮೊದಲು ‘ಬುಷ್ ಬೋಲ್ಟ್ ಯಾವಾಗ ಬಿಗಿಯುತ್ತೀರಿ’ ಎಂದು ಕೇಳಬೇಕು. ಉತ್ತರ ಕೊಡಲು ತಡವರಿಸಿದರೆ ಬೇರೆ ಕಡೆ ಹೋಗಬೇಕು.

ಇನ್ನೊಂದು ಕಾಟ, ನಿಂತ ಗಾಡಿ ಹೊರಡುವಾಗಿನ ನಡುಕ. ಹಿಂಭಾಗ ಎದ್ದದ್ದರಿಂದ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಎರಡು ತುಂಡಿನ ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಬದಲಾಗಿತ್ತು. ನಡುವಿನ ಬೇರಿಂಗನ್ನು ಚೂರು ಕೆಳಗಿಳಿಸುವ ಎರಡು ಬಿಲ್ಲೆಗಳಿಂದ ಅದು ಸರಿಹೋಯಿತು. ಬಿಲ್ಲೆಗಳ ಬೆಲೆ ಲೆಕ್ಕಕ್ಕೇ ಬಾರದಷ್ಟು.

ವೀಲ್ ಅಲೈನ್‌ಮೆಂಟ್ ಎರಡು ಬಾರಿ: ಕೆಲಸ ಮುಗಿದ ದಿನ ಒಮ್ಮೆ, ಸ್ಪ್ರಿಂಗ್‌ಗಳು ಕೂತ ಮೇಲೆ ಸುಮಾರು 800 ಕಿಲೋಮೀಟರಿಗೆ ಇನ್ನೊಮ್ಮೆ. ಎರಡಕ್ಕೂ ಸೇರಿ 14. ಅದೇ ಹೊತ್ತಿಗೆ ಎಲ್ಲ ಬೋಲ್ಟ್‌ಗಳನ್ನೂ ಬಿಗಿತ ಅಳೆಯುವ ಟಾರ್ಕ್ ವ್ರೆಂಚ್‌ನಿಂದ ಮತ್ತೆ ನೋಡಿದರು. ಅವುಗಳಲ್ಲಿ ಎರಡು ಬೋಲ್ಟ್‌ಗಳು ತಲಾ ಕಾಲು ಸುತ್ತು ತಿರುಗಿದವು. ಎದುರಿನವರ ಕಣ್ಣು ಕುಕ್ಕುತ್ತಿದ್ದ ಹೆಡ್‌ಲೈಟನ್ನು ನಾನೇ ಗೋಡೆಗೆ ಬೆಳಕು ಬಿಟ್ಟು ತಗ್ಗಿಸಿಕೊಂಡೆ.

ಟೈರ್ ವಿಷಯಕ್ಕೆ ಬಂದರೆ ಮೂರು ಕಾಸಿನ ಕುದುರೆಗೆ ಆರು ಕಾಸಿನ ಲಗಾಮು. ಸಸ್ಪೆನ್ಷನ್ ಎತ್ತರಿಸಿದರೆ ಚಾಸಿಸ್ ಏಳುತ್ತದೆ. ಹಿಂದಿನ ಡಿಫರೆನ್ಶಿಯಲ್ (ಚಕ್ರಗಳ ನಡುವಿನ ಗಿಯರ್ ಗೂಡು) ಆಕ್ಸಲ್‌ನಲ್ಲೇ ಇರುವುದರಿಂದ ಇದ್ದಲ್ಲೇ ಇರುತ್ತದೆ. ಅದನ್ನು ಎತ್ತುವುದು ದೊಡ್ಡ ಟೈರ್ ಮಾತ್ರ, ಅದೂ ಹೆಚ್ಚಿದ ವ್ಯಾಸದ ಅರ್ಧದಷ್ಟು. 31 ಇಂಚಿನಿಂದ 33ಕ್ಕೆ ಹೋದ ನನಗೆ ಸಿಕ್ಕಿದ್ದು ಒಂದೇ ಇಂಚು. ಸ್ಟೆಪ್ನಿ ಸೇರಿ ಐದು ಟೈರ್‌ಗೆ 110, ಅಂದರೆ ಕಿಟ್‌ಗಿಂತ ಹೆಚ್ಚು. ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ ಈಗ ಸುಮಾರು 64ರಲ್ಲಿ ಓಡುತ್ತದೆ. ಇಂಧನವೂ ಮೊದಲಿಗಿಂತ ಹೆಚ್ಚು ಬೇಕು. ಅದು ಬಿಲ್ಲಿನಲ್ಲಿ ಬಾರದ ಖರ್ಚು.

ಕೂಡಿದರೆ 334. ವಿಮೆಯವರಿಗೆ ತಿಳಿಸಿದ ಮೇಲೆ ಹೆಚ್ಚಿದ ಕಂತು ಇದರಲ್ಲಿ ಸೇರಿಲ್ಲ. ತಿಳಿಸದಿದ್ದರೆ ಅಪಘಾತದ ದಿನ ಅವರು ಕೈಯೆತ್ತಿಬಿಡಬಹುದಿತ್ತು. ಎಷ್ಟು ಎತ್ತರಕ್ಕೆ ಅನುಮತಿ ಇದೆ ಎಂಬುದನ್ನು ಕಿಟ್ ಕೊಳ್ಳುವ ಮೊದಲೇ ಬರಹದಲ್ಲಿ ಪಡೆದಿದ್ದೆ. ಈ ಇಡೀ ಕೆಲಸದಲ್ಲಿ ನಾನು ಸರಿಯಾದ ಹೊತ್ತಿಗೆ ಮಾಡಿದ್ದು ಅದೊಂದೇ ಇರಬೇಕು.

ಮೊನ್ನೆ ಗೆಳೆಯನೊಬ್ಬ ಆರು ಇಂಚಿನ ಕಿಟ್‌ನ ಬೆಲೆ ತೋರಿಸಿ, ‘ನಿನ್ನದಕ್ಕಿಂತ ಸ್ವಲ್ಪವೇ ಜಾಸ್ತಿ’ ಎಂದ. ಅಷ್ಟು ಎತ್ತರಕ್ಕೆ ಹಲವು ಗಾಡಿಗಳಲ್ಲಿ ಚಾಸಿಸ್‌ನ ಅಡ್ಡತೊಲೆಯಾದ ಕ್ರಾಸ್ ಮೆಂಬರನ್ನು ಕತ್ತರಿಸಬೇಕು, ಆಮೇಲೆ ಹಳೆಯ ಸ್ಥಿತಿಗೆ ಮರಳುವುದು ಸುಲಭವಲ್ಲ ಎಂದು ಹೇಳಿದೆ. ಅವನು ಸೂಚನಾ ಪುಸ್ತಿಕೆ ತೆರೆದು ಗರಗಸದ ಚಿತ್ರವಿದ್ದ ಪುಟದಲ್ಲಿ ನಿಂತುಬಿಟ್ಟ.