ನಾಯಿ ಜೊತೆ ಮೋಟರ್‌ಹೋಮ್‌ನಲ್ಲಿ ಚಿಕ್ಕಮಗಳೂರಿನಿಂದ ಉದಯಪುರಕ್ಕೆ ಹೋಗುವುದು ಹೇಗೆ

ಈಗ ಮೋಟರ್‌ಹೋಮ್ ಬಾಡಿಗೆಗೆ ಸಿಗುತ್ತದೆ, ಟೆಂಪೋ ಟ್ರಾವೆಲರ್ ತಗೊಂಡು ಅದನ್ನೇ ಮನೆ ಮಾಡಿಸಿಕೊಂಡವರೂ ನಮ್ಮ ಕಡೆ ಇದ್ದಾರೆ. ನಾಯಿಯನ್ನೂ ಕರ್ಕೊಂಡು ಹೋಗಬಹುದಾ ಅಂತ ಕೇಳಿದರೆ ನನ್ನ ಉತ್ತರ ಹೌದು. ಆದರೆ ದಿನದ ಲೆಕ್ಕ ನಾಯಿಯದ್ದೇ ಆಗಿರಬೇಕು. ಎಷ್ಟು ಹೊತ್ತಿಗೆ ಹೊರಡಬೇಕು, ಎಲ್ಲಿ ನಿಲ್ಲಬೇಕು, ಯಾವ ಊರು ನೋಡಬೇಕು, ಯಾವುದನ್ನು ಬಿಡಬೇಕು, ಎಲ್ಲಾ ಅದರ ಹೊಟ್ಟೆ, ಬಾಯಾರಿಕೆ, ಬಿಸಿಲು ನೋಡಿಕೊಂಡೇ ತೀರ್ಮಾನ ಆಗಬೇಕು. ಅಷ್ಟಕ್ಕೆ ಮನಸ್ಸಿಲ್ಲದಿದ್ದರೆ ಅದಕ್ಕೆ ಚೆನ್ನಾಗಿ ಗೊತ್ತಿರುವ ಒಬ್ಬರನ್ನು ಮನೆಯಲ್ಲಿ ಇರಿಸಿ ಹೋಗಿ. ನಾಯಿಗೂ ಅದೇ ಸುಖ.

ಇನ್ನೊಂದು ಷರತ್ತು. ಒಬ್ಬರೇ ಹೋಗಬೇಡಿ. ಇಬ್ಬರಾದರೂ ಇರಬೇಕು, ಯಾಕೆ ಅಂತ ಮುಂದೆ ಹೇಳುತ್ತೇನೆ.

ರಾಜಸ್ಥಾನದ ಉದಯಪುರವನ್ನೇ ಉದಾಹರಣೆಗೆ ತಗೊಂಡಿದ್ದೇನೆ, ಯಾಕೆಂದರೆ ದಾರಿ ಸುಲಭ. ಚಿಕ್ಕಮಗಳೂರಿನಿಂದ ಕಡೂರು, ಹೊಸದುರ್ಗ, ಹೊಳಲ್ಕೆರೆ ಮೇಲೆ ಹೋಗಿ ರಾಷ್ಟ್ರೀಯ ಹೆದ್ದಾರಿ 48 ಸೇರಿದರೆ ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಪುಣೆ, ಸೂರತ್, ವಡೋದರಾ, ಅಹಮದಾಬಾದ್ ಎಲ್ಲಾ ಅದೇ ಹೆದ್ದಾರಿಯ ಸಾಲಿನಲ್ಲಿ ಸಿಗುತ್ತವೆ. ಹಾಸನದವರು ಅರಸೀಕೆರೆ ಮೇಲೆ ಕಡೂರಿಗೆ ಬಂದು ಇದೇ ದಾರಿ ಹಿಡಿಯಬಹುದು. ಒಂದು ಕಡೆಗೆ ಒಂದೂವರೆ ಸಾವಿರ ಕಿಲೋಮೀಟರ್ ಮೇಲಾಗುತ್ತದೆ. ದಿನಕ್ಕೆ 250 ಕಿಲೋಮೀಟರ್ ದಾಟಬೇಡಿ. ಒಂದು ವಾರದ ದಾರಿ ಅಂತಲೇ ಇಟ್ಟುಕೊಳ್ಳಿ.

ಹೊರಡುವ ಕಾಲ ನವೆಂಬರ್ ಮಧ್ಯದಿಂದ ಫೆಬ್ರವರಿ ಒಳಗೆ, ಅದೂ ದೀಪಾವಳಿ ಕಳೆದ ಮೇಲೆ. ಗೊತ್ತಿಲ್ಲದ ಊರಲ್ಲಿ ಪಟಾಕಿ ಶಬ್ದಕ್ಕೆ ಹೆದರಿ ಓಡಿಹೋದ ನಾಯಿಯನ್ನು ಹುಡುಕುವುದು ಬಹಳ ಕಷ್ಟ. ಕಾಫಿ ತೋಟ ಇರುವವರಿಗೆ ಈ ತಿಂಗಳುಗಳು ಕಷ್ಟ ಅಂತ ಗೊತ್ತು, ಅರೇಬಿಕಾ ಕುಯ್ಲು, ಅದರ ಹಿಂದೆಯೇ ರೋಬಸ್ಟಾ. ಆದರೆ ಎಲ್ಲಾ ಮುಗಿಸಿ, ಕಾಫಿ ಹೂ ಬಿಡಿಸುವ ಹೂಮಳೆ ಬಂದ ಮೇಲೆ ಹೊರಡೋಣ ಅಂದರೆ ಅಷ್ಟು ಹೊತ್ತಿಗೆ ಗುಜರಾತ್, ರಾಜಸ್ಥಾನ ಕಾಯೋಕೆ ಶುರುವಾಗಿರುತ್ತದೆ. ಮನೆಯಲ್ಲಿ ಕುಯ್ಲು ನೋಡಿಕೊಳ್ಳುವವರು ಇದ್ದರೆ ಮಾತ್ರ ಈ ಯೋಚನೆ ಮಾಡಿ.

ಗಾಡಿ ಕಾಗದದ ವಿಷಯ ಬೇಗ ಮುಗಿಸುತ್ತೇನೆ. ಬಾಡಿಗೆ ಗಾಡಿಯಾದರೆ ಬೇರೆ ರಾಜ್ಯಕ್ಕೆ ಹೋಗುವ ಟೂರಿಸ್ಟ್ ಪರ್ಮಿಟ್ ಇದೆಯಾ ಅಂತ ನೋಡಿ, ನಾಯಿ ಬರುತ್ತದೆ ಅಂತ ಮೊದಲೇ ಹೇಳಿ ಬರಹದಲ್ಲಿ ಒಪ್ಪಿಗೆ ತಗೊಳ್ಳಿ. ಸ್ವಂತ ಗಾಡಿಯನ್ನು ಬದಲಾಯಿಸಿದ್ದರೆ ಆ ಬದಲಾವಣೆ ಆರ್‌ಟಿಓದಲ್ಲಿ ಆರ್‌ಸಿಗೆ ಏರಿರಬೇಕು, ಸುಮ್ನೆ ಗ್ಯಾರೇಜಲ್ಲಿ ಸೀಟು ಕಿತ್ತು ಮಂಚ ಹಾಕಿಸಿದರೆ ಇನ್ಶೂರೆನ್ಸ್‌ಗೂ ತೊಂದರೆ. ಒಟ್ಟು ತೂಕ 7,500 ಕಿಲೋ ಒಳಗಿನ ಗಾಡಿಯನ್ನು ಎಲ್‌ಎಂವಿ (ಲಘು ವಾಹನ) ಲೈಸೆನ್ಸ್‌ನಲ್ಲೇ ಓಡಿಸಬಹುದು.

ನಾಯಿಯ ಕಾಗದಕ್ಕೆ ಇದಕ್ಕಿಂತ ಜಾಸ್ತಿ ಗಮನ ಬೇಕು. ಪ್ರಾಣಿ ಸಾಗಣೆಗೆ 1978ರ ನಿಯಮಗಳಿವೆ, ನಾಯಿ ಪ್ರಯಾಣಕ್ಕೆ ಆರೋಗ್ಯವಾಗಿದೆ, ಅಂಟುರೋಗದ ಲಕ್ಷಣ ಇಲ್ಲ ಅಂತ ಪಶುವೈದ್ಯರ ಸರ್ಟಿಫಿಕೇಟ್ ಅದರಲ್ಲಿ ಕೇಳುತ್ತಾರೆ. ಸ್ವಂತ ಗಾಡಿಯಲ್ಲಿ ಕೇಳುವವರು ಕಡಿಮೆ, ಆದರೂ ಹೊರಡುವ ವಾರ ಒಂದು ಬರೆಸಿಕೊಳ್ಳಿ. ರೇಬಿಸ್ ಚುಚ್ಚುಮದ್ದಿನ ಅವಧಿ ಮುಗಿಯುತ್ತಾ ಬಂದಿದ್ದರೆ ಹೊರಡುವ ಮೂರು ನಾಲ್ಕು ವಾರ ಮೊದಲೇ ಹಾಕಿಸಿ. ಪಾರ್ವೊ, ಡಿಸ್ಟೆಂಪರ್, ಇಲಿ ಜ್ವರದ ಲಸಿಕೆಗಳೂ ಸರಿಯಾಗಿರಲಿ, ಯಾಕೆಂದರೆ ದಾರಿಯ ಪ್ರತಿ ಢಾಬಾದ ಹತ್ತಿರ ಬೀದಿನಾಯಿಗಳು ಇದ್ದೇ ಇರುತ್ತವೆ.

ಇನ್ನು ಉಣುಗಿನ ವಿಷಯ. ಇದನ್ನು ನಮ್ಮ ಊರಿನವರಿಗೆ ಒತ್ತಿ ಹೇಳಬೇಕು. ತೋಟದಲ್ಲಿ ಓಡಾಡುವ ನಾಯಿಯ ಮೈಮೇಲೆ ಉಣುಗು ಇಲ್ಲದ ದಿನ ಯಾವುದಿದೆ ಹೇಳಿ! ಉಣುಗಿನಿಂದ ಬರುವ ಜ್ವರ ಕಚ್ಚಿದ ತಕ್ಷಣ ಕಾಣಿಸುವುದಿಲ್ಲ, ಒಂದರಿಂದ ಮೂರು ವಾರ ಆಗಬಹುದು. ಅಂದರೆ ಇಲ್ಲಿ ಕಚ್ಚಿದ್ದು ನೀವು ಗುಜರಾತ್ ಮುಟ್ಟಿದಾಗ ಹೊರಬೀಳುತ್ತದೆ. ನಾಯಿ ಊಟ ಬಿಡುತ್ತದೆ, ಮಂಕಾಗುತ್ತದೆ, ಮೈ ಸುಡುತ್ತದೆ, ತುಟಿ ಎತ್ತಿ ನೋಡಿದರೆ ಒಸಡು ಬಿಳಿಚಿರುತ್ತದೆ, ಕೆಲವಕ್ಕೆ ಮೂಗಿನಲ್ಲಿ ರಕ್ತ. ಪ್ರಯಾಣದ ಆಯಾಸ ಅಂತ ಒಂದು ದಿನವೂ ಕಾಯಬೇಡಿ. ಅಲ್ಲಿನ ಡಾಕ್ಟರಿಗೆ, ನಾವು ಮಲೆನಾಡಿನವರು, ನಾಯಿ ಕಾಫಿ ತೋಟದಲ್ಲಿ ಬೆಳೆದದ್ದು, ಉಣುಗು ಜ್ವರಕ್ಕೆ ರಕ್ತ ಪರೀಕ್ಷೆ ಮಾಡಿ ಅಂತ ನೀವೇ ಬಾಯಿಬಿಟ್ಟು ಹೇಳಿ. ಬೇಗ ಗೊತ್ತಾದರೆ ಔಷಧಿ ಇದೆ.

ಅದಕ್ಕೆ ಹೊರಡುವ ಮೊದಲೇ ಡಾಕ್ಟರನ್ನು ಕೇಳಿ ಉಣುಗಿನ ಮಾತ್ರೆ ಕೊಡಿಸಿ. ತಿಂಗಳಿಗೊಂದು ಕೊಡುವ ಮಾತ್ರೆಯೂ ಇದೆ, ಹನ್ನೆರಡು ವಾರ ಬರುವಂಥದ್ದೂ ಇದೆ. ಹಾಗಂತ ದಿನಾ ಕೈಯಾಡಿಸಿ ನೋಡುವುದನ್ನು ಬಿಡುವ ಹಾಗಿಲ್ಲ. ಕಿವಿಯ ಮಡಿಕೆ, ಬೆಲ್ಟಿನ ಕೆಳಗೆ, ಕಂಕುಳು, ಬಾಲದ ಬುಡ, ಕಾಲ್ಬೆರಳ ಸಂದಿ, ಇಲ್ಲೇ ಅವು ಕೂರುವುದು. ಸಿಕ್ಕಿದರೆ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರವಾಗಿ, ನಿಧಾನಕ್ಕೆ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಬರಿಗೈಯಲ್ಲಿ ಹಿಸುಕಬೇಡಿ, ಮಂಗನ ಕಾಯಿಲೆ ಮನುಷ್ಯರಿಗೆ ಬರುವುದೂ ಉಣುಗಿನಿಂದಲೇ, ಕೊಪ್ಪ, ನರಸಿಂಹರಾಜಪುರದ ಕಡೆಯವರಿಗೆ ಇದು ಹೇಳಬೇಕಾಗಿಲ್ಲ. ಮಳೆ ಮುಗಿದ ಹೊಸತರಲ್ಲಾದರೆ ಇಂಬಳವನ್ನೂ (ಜಿಗಣೆ) ನೋಡಿ. ಹಳ್ಳದ ನೀರು ಕುಡಿದ ನಾಯಿಯ ಮೂಗಿನೊಳಗೆ ಇಂಬಳ ಹೊಕ್ಕಿದ್ದರೆ ಉಪ್ಪು ತುಂಬೋಕೆ ಹೋಗಬೇಡಿ, ಡಾಕ್ಟರೇ ತೆಗೆಯಬೇಕು.

ನಾಯಿಗೆ ಗಾಡಿ ಅಭ್ಯಾಸ ಮಾಡಿಸುವುದಕ್ಕೆ ಒಂದು ತಿಂಗಳಾದರೂ ಬೇಕು. ಮೊದಲು ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿ, ಬಾಗಿಲು ತೆಗೆದಿಟ್ಟು, ಊಟ ಒಳಗೆ ಹಾಕಿ. ಅದೇ ಹತ್ತಿ ಬರಲಿ, ಎತ್ತಿ ಹಾಕಬೇಡಿ. ಆಮೇಲೆ ಇಂಜಿನ್ ಚಾಲೂ ಮಾಡಿ ಸುಮ್ನೆ ಕೂರಿ. ಆಮೇಲೆ ಕಡೂರಿನವರೆಗೆ ಹೋಗಿ ಬನ್ನಿ. ರಾತ್ರಿ ಒಂದೆರಡು ಸಲ ಅಂಗಳದಲ್ಲೇ ಗಾಡಿಯೊಳಗೆ ಅದರ ಜೊತೆ ಮಲಗಿ. ವಾಂತಿ ಮಾಡುತ್ತದಾ ಅಂತ ತಿಳಿಯೋಕೆ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ಹತ್ತಿದರೆ ಸಾಕು. ಸತಾರಾದಿಂದ ಪುಣೆಗೆ ಹೋಗುವಾಗಲೂ ಘಾಟಿ ಸಿಗುತ್ತದೆ, ಮುಂಬೈ ಕಡೆಗೆ ಇಳಿಯುವಾಗ ಖಂಡಾಲ ಇದ್ದೇ ಇದೆ. ವಾಂತಿ ಮಾಡುವ ನಾಯಿಗೆ ಹೊರಡುವ ಮೂರು ನಾಲ್ಕು ಗಂಟೆ ಮೊದಲೇ ಊಟ ನಿಲ್ಲಿಸಿ. ನಾಯಿಗೇ ಅಂತ ವಾಂತಿ ಮಾತ್ರೆ ಇದೆ, ನಮ್ಮ ಮಾತ್ರೆಯನ್ನು ಅರ್ಧ ಮಾಡಿ ಕೊಡುವುದು ಬೇಡ.

ಗಾಡಿ ಓಡುವಾಗ ನಾಯಿ ಸಡಿಲ ಇರಬಾರದು. ನೆಲಕ್ಕೆ ಬಿಗಿದ ಕ್ರೇಟ್ ಆದರೆ ಉತ್ತಮ, ಇಲ್ಲದಿದ್ದರೆ ಎದೆಗೆ ಹಾಕುವ ಹಾರ್ನೆಸ್‌ಗೆ ಸೀಟ್‌ಬೆಲ್ಟ್ ಕೊಂಡಿ. ಕುತ್ತಿಗೆ ಬೆಲ್ಟಿಗೆ ಕಟ್ಟಿದರೆ ಬ್ರೇಕ್ ಹಾಕಿದಾಗ ಕತ್ತಿಗೇ ಪೆಟ್ಟು. ಜಾಗ ಮುಂದಿನ ಸೀಟಿನ ಹಿಂದೆ, ಎರಡು ಆಕ್ಸಲ್‌ಗಳ ನಡುವೆ, ಅಲ್ಲಿ ಕುಲುಕಾಟ ಕಡಿಮೆ. ಹಿಂದಿನ ಮಂಚದ ಮೇಲೆ ಬಿಟ್ಟರೆ ರಸ್ತೆಯ ಪ್ರತಿ ಉಬ್ಬಿಗೂ ಎಗರುತ್ತದೆ. ಮೋಟರ್‌ಹೋಮ್ ನೆಲಕ್ಕೆ ಸಾಮಾನ್ಯವಾಗಿ ವಿನೈಲ್ ಹಾಸಿರುತ್ತಾರೆ, ಅದರ ಮೇಲೆ ನಾಯಿಯ ಉಗುರು ನಿಲ್ಲುವುದಿಲ್ಲ, ನಾಲ್ಕು ಕಾಲೂ ನಾಲ್ಕು ಕಡೆಗೆ ಜಾರಿ ದಾರಿಯುದ್ದಕ್ಕೂ ಮೈ ಬಿಗಿ ಹಿಡಿದೇ ನಿಂತಿರುತ್ತದೆ, ಸಂಜೆಗೆ ಸುಸ್ತಾಗಿಬಿಡುತ್ತದೆ. ಒಂದು ರಬ್ಬರ್ ಮ್ಯಾಟ್, ಅದರ ಮೇಲೆ ಮನೆಯ ಗೋಣಿಚೀಲ ಮಡಚಿ ಹಾಸಿ. ಗೋಣಿ ತೊಳೆಯಬೇಡಿ. ಮನೆಯ ವಾಸನೆ ಇದ್ದರೆ ನಾಯಿ ಬೇಗ ಮಲಗುತ್ತದೆ. ಅಡುಗೆ ಗ್ಯಾಸ್ ಇದ್ದರೆ ಓಡುವಾಗ ಸಿಲಿಂಡರ್ ಬಾಯಿ ಬಂದ್ ಆಗಿರಲಿ.

ದಿನ ಹೀಗಿರಲಿ. ಬೆಳಕು ಹರಿಯುವ ಮೊದಲು ಒಂದು ವಾಕ್, ಆರಕ್ಕೆ ಹೊರಟು ಹತ್ತೂವರೆವರೆಗೆ ಓಡಿಸಿ. ಮಧ್ಯಾಹ್ನ ನೆರಳಲ್ಲಿ ನಿಲ್ಲಿ, ಎಲ್ಲರೂ ಮಲಗಿ. ಮೂರೂವರೆಯಿಂದ ಕತ್ತಲಾಗುವವರೆಗೆ ಮತ್ತೆ ಓಡಿಸಿ. ಎರಡು ಗಂಟೆಗೊಮ್ಮೆ ನಿಲ್ಲಿಸಿ ನೀರು ಕೊಡಿ, ಕಾಲಾಡಿಸಿ. ನಿಲ್ಲಿಸುವಾಗ ಬಾಗಿಲು ತೆಗೆಯುವುದಕ್ಕೂ ಒಂದು ಕ್ರಮ ಬೇಕು. ಮೊದಲು ಒಬ್ಬರು ಮುಂದಿನ ಬಾಗಿಲಿಂದ ಇಳಿದು ಸುತ್ತ ನೋಡಿ, ಬೀದಿನಾಯಿ ಎಷ್ಟಿವೆ, ಲಾರಿ ಹಿಂದಕ್ಕೆ ಬರುತ್ತಿದೆಯಾ ಅಂತ. ಒಳಗಿರುವವರು ಹಗ್ಗ ಹಾರ್ನೆಸ್‌ಗೆ ಹಾಕಿ, ಕೈಗೆ ಒಂದು ಸುತ್ತು ಸುತ್ತಿಕೊಂಡು, ಆಮೇಲೆ ಪಕ್ಕದ ಬಾಗಿಲು ಸರಿಸಬೇಕು. ನಾಯಿ ಕೂತೇ ಇರಬೇಕು, ಬಾ ಅಂದ ಮೇಲೆ ಇಳಿಯಬೇಕು. ಮನೆಯಲ್ಲಿ ಕರೆದರೆ ಬರುವ ನಾಯಿ ಹೆದ್ದಾರಿಯಲ್ಲೂ ಬರುತ್ತದೆ ಅಂತ ನಂಬಬೇಡಿ. ಬೆಲ್ಟಿನ ಬಿಲ್ಲೆ ಮೇಲೆ ಫೋನ್ ನಂಬರ್ ಕೆತ್ತಿಸಿ, ಮೈಕ್ರೋಚಿಪ್ ಹಾಕಿಸಿದರೆ ಇನ್ನೂ ಒಳ್ಳೆಯದು.

ಇಬ್ಬರು ಬೇಕು ಅಂದೆ ಅಲ್ವಾ. ನಿಂತ ಗಾಡಿಯಲ್ಲಿ ನಾಯಿಯನ್ನು ಒಂಟಿಯಾಗಿ ಬಿಡಬಾರದು, ಅದಕ್ಕೇ. ಎಸಿ ಹಾಕಿದ್ದೇನೆ ಬಿಡಿ ಅನ್ನುವವರು ಈ ಲೆಕ್ಕ ನೋಡಿ. 12 ವೋಲ್ಟ್, 200 ಆಂಪಿಯರ್ ಅವರ್ ಲಿಥಿಯಂ ಬ್ಯಾಟರಿಯಲ್ಲಿ ಇರುವುದು ಸುಮಾರು 2,400 ವ್ಯಾಟ್ ಅವರ್. ಒಂದು ಟನ್ ಎಸಿ ಗಂಟೆಗೆ ಸುಮಾರು 1,000 ತಿನ್ನುತ್ತದೆ, ಇನ್ವರ್ಟರ್‌ನಲ್ಲೂ ಒಂದಷ್ಟು ಹೋಗುತ್ತದೆ. ತುಂಬಿದ ಬ್ಯಾಟರಿಯಾದರೂ ಎರಡು ಗಂಟೆ, ಅಷ್ಟೇ. ಹೋಟೆಲಿನ ಪ್ಲಗ್‌ನಿಂದ ವಯರ್ ಎಳೆದಿದ್ದರೆ ಕರೆಂಟ್ ಹೋದದ್ದು ನಿಮಗೆ ಗೊತ್ತಾಗುವುದೇ ಇಲ್ಲ. ಹೊರಗೆ 30 ಡಿಗ್ರಿ ಇದ್ದರೂ ಬಿಸಿಲಲ್ಲಿ ಮುಚ್ಚಿದ ಗಾಡಿಯೊಳಗೆ ಅರ್ಧ ಗಂಟೆಯಲ್ಲಿ 45 ದಾಟಬಹುದು. ನಾಯಿಗೆ ನಮ್ಮ ಹಾಗೆ ಮೈಯೆಲ್ಲಾ ಬೆವರುವುದಿಲ್ಲ, ತೇಕಿ ತೇಕಿಯೇ ಮೈ ತಣಿಸಿಕೊಳ್ಳಬೇಕು. ಪಗ್, ಶಿಟ್ಜು ತರದ ಚಪ್ಪಟೆ ಮೂಗಿನವಕ್ಕೆ ಅದೂ ಸರಿಯಾಗಿ ಆಗುವುದಿಲ್ಲ, ಅಂಥವನ್ನು ಇಷ್ಟು ದೂರ ಕರ್ಕೊಂಡು ಹೋಗದಿದ್ದರೇ ವಾಸಿ.

ನಾಯಿಯ ಮಾಮೂಲಿ ಮೈಬಿಸಿ 38.3ರಿಂದ 39.2 ಡಿಗ್ರಿ. ಜೋರಾಗಿ ತೇಕುವುದು, ಅಂಟು ಜೊಲ್ಲು, ಕಡುಕೆಂಪು ಒಸಡು, ತೂರಾಡುವ ನಡಿಗೆ ಕಂಡರೆ ಬಿಸಿಲು ಬಡಿದಿದೆ ಅಂತಲೇ ತಿಳಿಯಿರಿ. ತಕ್ಷಣ ನೆರಳಿಗೆ ತಂದು ಕ್ಯಾನಿನ ನೀರನ್ನು ಮೈಮೇಲೆ ಸುರಿಯಿರಿ, ಹೊಟ್ಟೆ, ತೊಡೆಸಂದಿ ಎಲ್ಲಾ ನೆನೆಯಲಿ, ಗಾಳಿ ಹಾಕಿ. ಮೈ ತಣಿಸಿದ ಮೇಲೆ ಆಸ್ಪತ್ರೆಗೆ ಓಡಿ. ಎದ್ದು ನಿಂತಿತು ಅಂತ ಆಸ್ಪತ್ರೆ ತಪ್ಪಿಸಬೇಡಿ, ಒಳಗಿನ ಪೆಟ್ಟು ಆಮೇಲೆ ಗೊತ್ತಾಗುತ್ತದೆ.

ಊಟದ ವಿಷಯದಲ್ಲಿ ಹೊಸದೇನೂ ಬೇಡ. ಅನ್ನ ಮಾಂಸ, ಮುದ್ದೆ ತಿಂದು ಬೆಳೆದ ನಾಯಿಗೆ ಹೊರಟ ದಿನವೇ ಪ್ಯಾಕೆಟ್ ಆಹಾರ ಹಾಕಿದರೆ ಭೇದಿ ಗ್ಯಾರಂಟಿ, ಅದನ್ನು ಗಾಡಿಯೊಳಗೆ ಸಹಿಸೋದು ಯಾರಿಗೂ ಆಗಲ್ಲ. ಪ್ಯಾಕೆಟ್ ಕೊಡಲೇಬೇಕು ಅಂದರೆ ಮನೆಯಲ್ಲೇ ವಾರ ಹತ್ತು ದಿನ ಸ್ವಲ್ಪ ಸ್ವಲ್ಪ ಬೆರೆಸಿ ಬದಲಾಯಿಸಿ. ದಾರಿಯಲ್ಲಿ ಅನ್ನ, ಮೊಸರು, ಬೇಯಿಸಿದ ಮೊಟ್ಟೆ ಎಲ್ಲಾ ಕಡೆ ಸಿಗುತ್ತದೆ. ಢಾಬಾದ ಗ್ರೇವಿ ಬೇಡ, ಈರುಳ್ಳಿ ನಾಯಿಗೆ ವಿಷ, ದ್ರಾಕ್ಷಿ, ಚಾಕೊಲೇಟ್ ಕೂಡ. ಕಾಫಿ ಬೀಜ, ಪುಡಿ, ಗಸಿ ಕೂಡ ಅದೇ ಸಾಲಿಗೆ ಸೇರಿದ್ದು, ಊರಿಗೆ ಅಂತ ಕಾಫಿಪುಡಿ ಪೊಟ್ಟಣ ಒಯ್ಯುವವರು ಮೇಲಿನ ಕಪಾಟಿನಲ್ಲಿ ಇಡಿ. ನೀರು 20 ಕಿಲೋ ನಾಯಿಗೆ ದಿನಕ್ಕೆ ಒಂದು ಲೀಟರ್ ಮೇಲೆ ಬೇಕು, ಸೆಕೆ ಇದ್ದರೆ ಎರಡರಷ್ಟು. 20 ಲೀಟರ್ ಕ್ಯಾನ್ ಒಂದು ಅದಕ್ಕೇ ಇರಲಿ.

ಎಲ್ಲಿಗೆ ಹೋಗಬಾರದು ಅಂತಲೂ ಮೊದಲೇ ಗೊತ್ತಿದ್ದರೆ ಒಳ್ಳೆಯದು. ಭದ್ರಾ, ಕುದುರೆಮುಖದಂಥ ರಕ್ಷಿತ ಕಾಡುಗಳಲ್ಲಿ ನಾಯಿ ಇಳಿಸುವ ಹಾಗಿಲ್ಲ. ಬೇಲೂರು, ಹಳೇಬೀಡಿನ ದೇವಸ್ಥಾನ ಇರಲಿ, ಉದಯಪುರದ ಅರಮನೆ ಇರಲಿ, ಒಬ್ಬರು ಒಳಗೆ ಹೋದಾಗ ಇನ್ನೊಬ್ಬರು ನಾಯಿ ಜೊತೆ ನೆರಳಲ್ಲಿ ಕೂರಬೇಕು, ಆಮೇಲೆ ಅದಲುಬದಲು. ಅಭ್ಯಾಸಕ್ಕೆ ಅಂತ ಸಕಲೇಶಪುರ, ಆಲೂರು, ಮೂಡಿಗೆರೆ ಕಡೆ ರಾತ್ರಿ ಗಾಡಿ ನಿಲ್ಲಿಸಿದರೆ ಕತ್ತಲಾದ ಮೇಲೆ ನಾಯಿಯನ್ನು ವಾಕಿಗೆ ಒಯ್ಯಬೇಡಿ. ಆನೆ ಕಂಡ ನಾಯಿ ಬೊಗಳುತ್ತದೆ, ಆನೆ ಅಟ್ಟಿಸಿದಾಗ ಓಡಿ ಬರುವುದು ನಿಮ್ಮ ಹತ್ತಿರಕ್ಕೇ. ಚಿರತೆಯಂತೂ ನಾಯಿ ವಾಸನೆಗೇ ಬರುತ್ತದೆ, ಗಾಡಿ ಹೊರಗೆ ಕಟ್ಟಿ ಮಲಗುವ ಮಾತೇ ಇಲ್ಲ.

ರಾತ್ರಿ ನಿಲ್ಲೋಕೆ ದೊಡ್ಡ ಪೆಟ್ರೋಲ್ ಬಂಕ್, ಲೈಟಿರುವ ಹೋಟೆಲ್ ಆವರಣ ಸಾಕು, ಕೇಳಿ ನಿಲ್ಲಿಸಿ. ನಾಯಿ ಗಲೀಜನ್ನು ಕವರಿಗೆ ಹಾಕಿ ಕಸದ ಡಬ್ಬಿಗೇ ಹಾಕಿ, ಗಾಡಿಯ ಟಾಯ್ಲೆಟ್ ಟ್ಯಾಂಕನ್ನು ಹಳ್ಳಕ್ಕೋ ಕೆರೆಗೋ ಬಿಡುವುದಂತೂ ಬೇಡವೇ ಬೇಡ.

ಆಸ್ಪತ್ರೆಗಳ ಹೆಸರು ಮೊದಲೇ ಬರೆದಿಟ್ಟುಕೊಳ್ಳಿ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಹೊರಡುವ ಮೊದಲಿನ ತಪಾಸಣೆ ಅಲ್ಲೇ ಮಾಡಿಸಬಹುದು. ಮುಂದೆ ಸತಾರಾ ಪುಣೆ ನಡುವೆ ಹೆದ್ದಾರಿ ಪಕ್ಕದ ಶಿರವಳದಲ್ಲಿ ಒಂದು ಕಾಲೇಜು, ಗುಜರಾತಿನ ಆನಂದ್‌ನಲ್ಲಿ ಒಂದು, ಉದಯಪುರದ ಹತ್ತಿರ ವಲ್ಲಭನಗರದಲ್ಲಿ ಒಂದು. ನಡುವಿನ ಊರುಗಳಲ್ಲಿ ರಾತ್ರಿ ತೆರೆದಿರುವ ಕ್ಲಿನಿಕ್ ಯಾವುದು ಅಂತ ಆಯಾ ದಿನ ಬೆಳಿಗ್ಗೆಯೇ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ. ಒಂದು ಹಾಳೆಯಲ್ಲಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ನಾಯಿಯ ವಯಸ್ಸು, ತೂಕ, ಲಸಿಕೆ ತಾರೀಕು, ಉಣುಗಿನ ಮಾತ್ರೆ ಕೊಟ್ಟ ದಿನ, ಆಗದ ಔಷಧಿ, ನಿಮ್ಮ ಊರಿನ ಡಾಕ್ಟರ ಫೋನ್ ನಂಬರ್ ಬರೆದು ಎರಡು ಜೆರಾಕ್ಸ್ ಮಾಡಿಸಿ. ಒಂದು ಗಾಡಿ ಕಾಗದದ ಜೊತೆ, ಇನ್ನೊಂದು ನಿಮ್ಮ ಜೊತೆ ಬರುವವರ ಚೀಲದಲ್ಲಿ.