ಚಹಾದ ಮೇಲೆ ಹಾಳೆ ಬೆಳೆಸಿ ಚೀಲ ಮಾಡುವುದು

ನಾನು ಧಾರವಾಡದಲ್ಲಿ ಕಸೂತಿ ಹಾಕುವವಳು. ಸಿಹಿ ಚಹಾದ ಮೇಲೆ ಕೆನೆಯಂತೆ ಬೆಳೆಯುವ, ಒಣಗಿಸಿ ಬಟ್ಟೆಯಂತೆ ಬಳಸುವ ಈ ಹಾಳೆಗೆ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಎಳೆ ಎಣಿಸದೆ ಗವಂತಿ, ಮುರ್ಗಿ ಎಂಬ ಕಸೂತಿ ಹೊಲಿಗೆ ಹಾಕುವುದು ಹೇಗೆ ಹೇಳಿ? ಹಾಗಾಗಿ ಕುಪ್ಪಸದ ಆಸೆ ಬೇಡ. ಸಣ್ಣ ಚೀಲ, ಬಳೆ, ವಹಿಗೆ ಹೊದಿಕೆ, ಇಷ್ಟಕ್ಕೆ ಮಾತ್ರ ಚೊಲೋ.

ಕೊಂಬುಚಾ, ಅಂದರೆ ಸಿಹಿ ಚಹಾ ಹುಳಿಸಿ ಮಾಡುವ ಪೇಯ, ಅದನ್ನು ಮಾಡುವವರ ಹತ್ತಿರ ಒಂದು ತುಂಡು ಜೀವಂತ ಪದರ ಕೇಳಿ ತನ್ನಿ. ಅದರ ಹುಳಿ ನೀರೂ ಒಂದು ಲೋಟ ಬೇಕು. ಅದರಲ್ಲಿರುವ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಸೆಲ್ಯುಲೋಸ್ ನೂಲುತ್ತದೆ. ಹತ್ತಿಯಲ್ಲಿ ಇರುವುದೂ ಸೆಲ್ಯುಲೋಸೇ. ಎ. ಜೆ. ಬ್ರೌನ್ ಎಂಬ ವಿಜ್ಞಾನಿ 1886ರಲ್ಲೇ ಬ್ಯಾಕ್ಟೀರಿಯಾ ಸೆಲ್ಯುಲೋಸ್ ಮಾಡುವುದನ್ನು ಬರೆದಿಟ್ಟಿದ್ದಾರೆ.

ಎರಡು ಲೀಟರ್ ನೀರು ಕುದಿಸಿ, ಎರಡು ಚಮಚ ಚಹಾಪುಡಿ, 200 ಗ್ರಾಂ ಸಕ್ಕರೆ ಹಾಕಿ ಸೋಸಿ. ಏಲಕ್ಕಿ, ಶುಂಠಿ ಬೆರೆಸಿದ ಮಸಾಲೆ ಪುಡಿ ಬೇಡ. ಪೂರ್ತಿ ತಣ್ಣಗಾದ ಮೇಲೆ ಒಂದು ಲೋಟ ವಿನೆಗರ್, ಆಮೇಲೆ ತಂದ ಪದರ ಮತ್ತು ಹುಳಿ ನೀರು. ಬಿಸಿ ಇರುವಾಗಲೇ ಹಾಕಿದರೆ ಬ್ಯಾಕ್ಟೀರಿಯಾ ಸತ್ತೇಹೋಗುತ್ತದೆ. ಅಗಲವಾದ ಗಾಜಿನ ಅಥವಾ ಪ್ಲಾಸ್ಟಿಕ್ ಟ್ರೇ ಸಾಕು. ಸ್ಟೀಲ್, ಹಿತ್ತಾಳೆ ಬೇಡ. ಹಳೇ ಪಂಚೆ ಎರಡು ಮಡಿಕೆ ಮಾಡಿ ಬಿಗಿಯಾಗಿ ಕಟ್ಟಿ, ಇಲ್ಲಾಂದ್ರೆ ಹುಳಿ ವಾಸನೆಗೆ ಸಣ್ಣ ನೊಣ ಬಂದು ಮೊಟ್ಟೆ ಇಡುತ್ತವೆ.

ಇನ್ನು ಟ್ರೇ ಮುಟ್ಟಬೇಡಿ. ಪದರ ಬೆಳೆಯುವುದು ಗಾಳಿ ಮತ್ತು ನೀರು ಸೇರುವ ಮೇಲ್ಮೈಯಲ್ಲಿ, ಹಾಲಿನ ಕೆನೆ ಕಟ್ಟಿದ ಹಾಗೆ. ಅಲುಗಿಸಿದರೆ ಮೇಲಿನದು ಮುಳುಗಿ, ಇನ್ನೊಂದು ತೆಳು ಪದರ ಬೇರೆ ಶುರುವಾಗುತ್ತದೆ. 25ರಿಂದ 30 ಡಿಗ್ರಿ ಸೆಖೆ ಇದಕ್ಕೆ ಹಿತ. ನಮ್ಮ ಚಳಿಗಾಲದ ರಾತ್ರಿಗೆ ಬೆಳವಣಿಗೆ ನಿಧಾನ, ಅಡುಗೆಮನೆ ಮೂಲೆಯಲ್ಲಿಡಿ. ಹುಬ್ಬಳ್ಳಿ ಕಡೆ ಏಪ್ರಿಲ್‌ನಲ್ಲಿ ತಗಡಿನ ಮನೆಯೊಳಗೆ ಮಾತ್ರ ಬೇಡ. ಕಂದು ದಾರದಂಥ ಎಳೆ ಕಂಡರೆ ಗಾಬರಿ ಬೇಡ, ಅದು ಯೀಸ್ಟ್. ಹಸಿರೋ ಕಪ್ಪೋ ಬೂಷ್ಟು ನೂಲುನೂಲಾಗಿ ಎದ್ದರೆ ಎಲ್ಲವನ್ನೂ ಚೆಲ್ಲಿಬಿಡಿ, ಆ ಭಾಗ ಕಿತ್ತು ಉಳಿಸುವ ಉಪಾಯ ಬೇಡ.

ಎರಡು ಮೂರು ವಾರಕ್ಕೆ ಹೆಬ್ಬೆರಳಿನಷ್ಟು ದಪ್ಪ ಬಂದರೆ ತೆಗೆಯಿರಿ. ಸಾಬೂನಿನಿಂದ ತೊಳೆದು, ಅಡುಗೆ ಸೋಡಾ ಹಾಕಿದ ನೀರಲ್ಲಿ ಅರ್ಧ ಗಂಟೆ ನೆನೆಸಿದರೆ ಹುಳಿ ವಾಸನೆ ತಗ್ಗುತ್ತದೆ. ಕಪ್ಪು ಬಣ್ಣ ಬೇಕಾ? ತುಕ್ಕು ಹಿಡಿದ ಮೊಳೆಗಳನ್ನು ವಿನೆಗರ್‌ನಲ್ಲಿ ನೆನೆಸಿಟ್ಟು ಆ ನೀರು ಹಚ್ಚಿ. ಚಹಾದ ಒಗರಿಗೆ ಕಬ್ಬಿಣ ಸೇರಿ ಕಪ್ಪಾಗುತ್ತದೆ.

ಆಕಾರ ಕೊಡುವ ಕೆಲಸ ಹಾಳೆ ಒದ್ದೆ ಇರುವಾಗಲೇ. ಬೋರಲು ಹಾಕಿದ ಗಾಜಿನ ಭರಣಿಗೆ ಹೊದಿಸಿ, ಅಂಚನ್ನು ಒಂದರ ಮೇಲೊಂದು ಎರಡು ಬೆರಳು ಕೂಡಿಸಿ ಒತ್ತಿ. ಒಣಗಿದಂತೆ ಹಾಳೆ ಅಂಟು ಇಲ್ಲದೆ ತಾನೇ ಕೂಡಿಕೊಳ್ಳುತ್ತದೆ. ಸೂಜಿ ಬಿಟ್ಟುಬಿಡಿ. ತೂತು ಮುಚ್ಚುವುದಿಲ್ಲ, ಅಲ್ಲಿಂದಲೇ ಹರಿಯುತ್ತದೆ. ನೆರಳಲ್ಲಿ ಒಣಗಿಸಿ, ಸುಡುಬಿಸಿಲಿಗೆ ಹಪ್ಪಳದಂತಾಗುತ್ತದೆ. ಇದರಲ್ಲಿ ಬಹುಪಾಲು ನೀರೇ, ಅದಕ್ಕೇ ದಪ್ಪ ಪದರ ಕಾಗದದಷ್ಟು ತೆಳ್ಳಗಾಗುವುದು.

ಬಟ್ಟೆ ಬೆಳೆಸುವ ಈ ಪ್ರಯೋಗವನ್ನು ಜಗತ್ತಿಗೆ ತೋರಿಸಿದ ಡಿಸೈನರ್ ಸುಝೇನ್ ಲೀ ಕೂಡ ಮಳೆಯಲ್ಲಿ ಇದು ನೀರು ಹೀರಿಕೊಳ್ಳುತ್ತದೆ ಎಂದೇ ಹೇಳಿದ್ದರು. ಜೇನುಮೇಣ ಮತ್ತು ಕೊಬ್ಬರಿ ಎಣ್ಣೆ ಕರಗಿಸಿ ಎರಡೂ ಬದಿ ತಿಕ್ಕಿ. ಆದರೂ ಧಾರವಾಡದ ಮಳೆಗಾಲದಲ್ಲಿ ಹೊರಗೆ ಒಯ್ಯಬೇಡಿ. ಟ್ರೇಯ ಉಳಿದ ಹುಳಿ ನೀರು ಚೆಲ್ಲಬೇಡಿ, ಮುಂದಿನ ಹಾಳೆಗೆ ಅದೇ ಹೆಪ್ಪು.